ಕಿಂಗ್ ಮೆಂಫಿಸ್‌ಗೆ ಯಾಕೆ ಹೋಗಿದ್ದರು?

ಪ್ರಶ್ನೆ: ಮಾರ್ಟಿನ್ ಲೂಥರ್ ಕಿಂಗ್ ಅಂದರೆ ಕಪ್ಪು ಜನರ ಹಕ್ಕಿಗಾಗಿ ಹೋರಾಡಿದವರು ಅಂತ ಓದಿದ್ದೇವೆ. ಆದರೆ ಕೊಲೆಯಾದಾಗ ಅವರು ಕಸ ಎತ್ತುವವರ ಮುಷ್ಕರಕ್ಕೆ ಹೋಗಿದ್ದರಂತೆ. ಅಲ್ಲಿ ಅವರಿಗೇನು ಕೆಲಸ? ಬಣ್ಣದ ಹೋರಾಟ ಬೇರೆ, ಯೂನಿಯನ್ ಹೋರಾಟ ಬೇರೆ ಅಲ್ವಾ?

ಉತ್ತರ: ಈ ಪ್ರಶ್ನೆಯನ್ನು ತುಂಬಾ ಜನ ಕೇಳುತ್ತಾರೆ. ತಪ್ಪೇನಿಲ್ಲ. ನಮಗೆ ಗೊತ್ತಿರುವ ಕಿಂಗ್ ಕತೆಯಲ್ಲಿ 1963ರ ವಾಷಿಂಗ್ಟನ್ ಭಾಷಣ ಇರುತ್ತದೆ, ಆಮೇಲೆ ಸೀದಾ 1968ರ ಗುಂಡೇಟು. ಆದರೆ ಆ ಭಾಷಣ ನಡೆದ 1963ರ ಮೆರವಣಿಗೆಯ ಪೂರ್ತಿ ಹೆಸರಲ್ಲೇ ಉದ್ಯೋಗ ಅನ್ನುವ ಪದ ಮೊದಲು ಬರುತ್ತದೆ, ಸ್ವಾತಂತ್ರ್ಯ ಆಮೇಲೆ. ಅದರ ಮುಂದಾಳು ಎ. ಫಿಲಿಪ್ ರಾಂಡಾಲ್ಫ್ ರೈಲಿನ ಸ್ಲೀಪರ್ ಬೋಗಿಗಳಲ್ಲಿ ದುಡಿಯುವ ಪೋರ್ಟರ್‌ಗಳ ಯೂನಿಯನ್ ಕಟ್ಟಿದವರು. ಆ ಎರಡು ಹೋರಾಟ ಮೊದಲಿಂದಲೂ ಒಂದೇ ಮನೆಯಲ್ಲಿ ಬೆಳೆದವು.

ಅಮೆರಿಕದ ಟೆನೆಸಿ ರಾಜ್ಯದ ಮೆಂಫಿಸ್ ನಗರದಲ್ಲಿ ಏನಾಯಿತು ನೋಡಿ. 1968ರ ಫೆಬ್ರುವರಿ 1. ಜೋರು ಮಳೆ. ಎಕೋಲ್ ಕೋಲ್ ಮತ್ತು ರಾಬರ್ಟ್ ವಾಕರ್ ಅನ್ನುವ ಇಬ್ಬರು ಕೆಲಸಗಾರರು ಕಸದ ಲಾರಿಯ ಹಿಂಬದಿಯೊಳಗೆ ಸೇರಿಕೊಂಡರು. ಬೇರೆಲ್ಲಿ ನಿಲ್ಲುವುದು? ಬಿಳಿಯರ ಬೀದಿಯಲ್ಲಿ ಕಪ್ಪು ಕೆಲಸಗಾರರು ಮನೆ ಸೂರಿನ ಕೆಳಗೆ ನಿಂತರೂ ದೂರು ಹೋಗುತ್ತಿತ್ತು. ಹಳೇ ಲಾರಿ. ಕಸವನ್ನು ಒತ್ತುವ ಯಂತ್ರ ತನ್ನಷ್ಟಕ್ಕೆ ಚಾಲೂ ಆಯಿತು. ಇಬ್ಬರೂ ಅದರೊಳಗೇ ಸತ್ತರು. ದಿನಗೂಲಿ ಲೆಕ್ಕದ ನೌಕರರಾದ್ದರಿಂದ ಮನೆಯವರಿಗೆ ಕಾನೂನಿನ ಪರಿಹಾರ ಇಲ್ಲ. ನಗರಾಡಳಿತ ಕೊಟ್ಟಿದ್ದು ಒಂದು ತಿಂಗಳ ಸಂಬಳ, ಜೊತೆಗೆ ಮಣ್ಣು ಮಾಡಲು 500 ಡಾಲರ್.

ಅವರ ಕೆಲಸ ಹೇಗಿತ್ತು ಅಂತ ಸ್ವಲ್ಪ ಹತ್ತಿರದಿಂದ ನೋಡಬೇಕು. ನಮ್ಮಲ್ಲಿ ಪೌರಕಾರ್ಮಿಕರು ಅಂತೀವಲ್ಲ, ಅದೇ ಕೆಲಸ. ಆದರೆ ಕಸ ರಸ್ತೆಗೆ ಬರುತ್ತಿರಲಿಲ್ಲ. ಇವರೇ ಪ್ರತಿ ಮನೆಯ ಹಿತ್ತಲಿಗೆ ಹೋಗಿ, ದೊಡ್ಡ ಟಬ್ಬಿಗೆ ಸುರಿದುಕೊಂಡು, ತಲೆ ಮೇಲೋ ಹೆಗಲ ಮೇಲೋ ಹೊತ್ತು ಲಾರಿಗೆ ತರಬೇಕು. ಎಷ್ಟೋ ಟಬ್ಬುಗಳು ತೂತು. ಕೊಳೆತ ನೀರು ಕುತ್ತಿಗೆಗೆ ಇಳಿದು ಅಂಗಿಯೊಳಗೆ ಹರಿಯುತ್ತಿತ್ತು, ಹುಳದ ಸಮೇತ. ಮನೆಗೆ ಬಂದವರು ಬಾಗಿಲ ಹೊರಗೇ ಬಟ್ಟೆ ಬಿಚ್ಚಿಟ್ಟು ಒಳಗೆ ಹೋಗುತ್ತಿದ್ದರು. ಹೊರುವವರೆಲ್ಲ ಕಪ್ಪು ಜನ, ಮೇಸ್ತ್ರಿಗಳು ಬಿಳಿಯರು. ಮಳೆ ಬಂದರೆ ಹೊರುವವರನ್ನು ಸಂಬಳವಿಲ್ಲದೆ ಮನೆಗೆ ಕಳಿಸುತ್ತಿದ್ದರು, ಮೇಸ್ತ್ರಿಗಳಿಗೆ ಮಾತ್ರ ಪೂರ್ತಿ ದಿನದ ಸಂಬಳ. ಪೂರ್ತಿ ಹೊತ್ತು ದುಡಿದರೂ ಎಷ್ಟೋ ಜನ ಸರ್ಕಾರದ ನೆರವಿಗೆ ಅರ್ಹರಾಗುವಷ್ಟು ಬಡವರು.

ಈಗ ಹೇಳಿ, ಇದರಲ್ಲಿ ಬಣ್ಣದ್ದು ಎಷ್ಟು, ಕೂಲಿಯದ್ದು ಎಷ್ಟು ಅಂತ ಹೇಗೆ ಬೇರೆ ಮಾಡುವುದು?

ಫೆಬ್ರುವರಿ 12ರಂದು ಸುಮಾರು 1,300 ಜನ ಕೆಲಸ ನಿಲ್ಲಿಸಿದರು. ಇದ್ದಕ್ಕಿದ್ದಂತೆ ಎದ್ದ ಸಿಟ್ಟಲ್ಲ ಅದು. ಟಿ. ಒ. ಜೋನ್ಸ್ ಅನ್ನುವವರು ವರ್ಷಗಳಿಂದ ಯೂನಿಯನ್ ಕಟ್ಟುತ್ತಿದ್ದರು. ಅದಕ್ಕಾಗಿ 1963ರಲ್ಲಿ ಅವರೂ ಸೇರಿ 33 ಜನ ಕೆಲಸ ಕಳೆದುಕೊಂಡಿದ್ದರು. ಎದುರಿಗೆ ಮೇಯರ್ ಹೆನ್ರಿ ಲೋಬ್. ಹೆಚ್ಚುಕಮ್ಮಿ ಬಿಳಿಯರ ಮತದಿಂದಲೇ ಗೆದ್ದು, ಅಧಿಕಾರಕ್ಕೆ ಬಂದು ಒಂದೂವರೆ ತಿಂಗಳಾಗಿತ್ತು. ನಗರದ ನೌಕರರ ಮುಷ್ಕರವೇ ಕಾನೂನುಬಾಹಿರ, ಮೊದಲು ಕೆಲಸಕ್ಕೆ ಬನ್ನಿ, ಆಮೇಲೆ ಮಾತು ಅಂದರು.

ಮುಷ್ಕರ 65 ದಿನ ಎಳೆಯಿತು. ಬರೀ ಸಂಬಳದ ವಿಷಯವಾಗಿದ್ದರೆ ಬೇಗ ಮುಗಿಯುತ್ತಿತ್ತು ಅಂತ ನನ್ನ ನಂಬಿಕೆ. ಗಂಟು ಬಿದ್ದಿದ್ದು ಯೂನಿಯನ್ನಿನ ಚಂದಾ ಹತ್ತಿರ. ಪ್ರತಿ ತಿಂಗಳು ಸಂಬಳದಲ್ಲೇ ಚಂದಾ ಹಿಡಿದು ಯೂನಿಯನ್‌ಗೆ ಕೊಡಿ ಅಂತ ಕೆಲಸಗಾರರು ಕೇಳಿದರು. ಹೊರಗಿನವರಿಗೆ ಇದು ಸುಮ್ನೆ ಲೆಕ್ಕಪತ್ರದ ವಿಷಯ ಅನ್ನಿಸುತ್ತದೆ. ಅಲ್ಲ. ಅಷ್ಟು ಕಡಿಮೆ ಸಂಬಳದವರಿಂದ ಕೈಯಲ್ಲಿ ಚಿಲ್ಲರೆ ವಸೂಲಿ ಮಾಡುತ್ತಾ ಹೋದರೆ ಯೂನಿಯನ್ ವರ್ಷ ತುಂಬುವ ಮೊದಲೇ ಸೊರಗುತ್ತದೆ. ಯಾರು ಕೊಟ್ಟರು ಅಂತ ಮೇಸ್ತ್ರಿ ನೋಡುತ್ತಲೂ ಇರುತ್ತಾನೆ. ಸಂಬಳದಲ್ಲೇ ಹಿಡಿದರೆ, ಈ ಜನರ ಪರವಾಗಿ ಮಾತಾಡಲು ಒಂದು ಸಂಘ ಇದೆ ಅಂತ ನಗರಾಡಳಿತ ತಿಂಗಳು ತಿಂಗಳೂ ಒಪ್ಪಿಕೊಂಡ ಹಾಗೆ. ಲೋಬ್‌ಗೆ ಆಗದೇ ಇದ್ದಿದ್ದು ಅದೇ.

ಮೆರವಣಿಗೆಯಲ್ಲಿ ಅವರು ಹಿಡಿದ ಫಲಕದ ಮೇಲೆ ಸಂಬಳದ ಮಾತೇ ಇರಲಿಲ್ಲ. ನಾನೂ ಒಬ್ಬ ಮನುಷ್ಯ, ಗಂಡಸು, ಅಂತ ಬರೆದಿತ್ತು. ಅಮೆರಿಕದ ದಕ್ಷಿಣದಲ್ಲಿ ತಲೆ ನೆರೆತ ಕಪ್ಪು ಗಂಡಸನ್ನೂ ಬಿಳಿಯರು 'ಬಾಯ್' ಅಂತಲೇ ಕರೆಯುತ್ತಿದ್ದರು. ವಯಸ್ಸಾದವರನ್ನು ಏಕವಚನದಲ್ಲಿ ಕೂಗುವುದು ಹೇಗೆ ಚುಚ್ಚುತ್ತದೆ ಅಂತ ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಿಂಗ್ ಅವರನ್ನು ಕರೆಸಿದ್ದು ಜೇಮ್ಸ್ ಲಾಸನ್ ಅನ್ನುವ ಪಾದ್ರಿ. 1950ರ ದಶಕದಲ್ಲಿ ನಾಗಪುರದಲ್ಲಿ ಕೆಲಸ ಮಾಡುತ್ತಾ ಗಾಂಧೀಜಿಯ ಸತ್ಯಾಗ್ರಹವನ್ನು ಓದಿ ತಿಳಿದುಕೊಂಡು ಹೋದವರು. ಕಿಂಗ್ ಆಗ ದೇಶದ ಬಡವರನ್ನೆಲ್ಲ, ಯಾವ ಬಣ್ಣದವರೇ ಆಗಲಿ, ವಾಷಿಂಗ್ಟನ್‌ಗೆ ಕರೆದೊಯ್ಯುವ ತಯಾರಿಯಲ್ಲಿದ್ದರು. ಮೆಂಫಿಸ್ ಬೇಡ ಅಂತ ಜೊತೆಯವರೇ ಹೇಳಿದರು. ಆದರೂ ಮಾರ್ಚ್ 18ರಂದು ಬಂದರು. ಹೋಟೆಲಿನಲ್ಲಿ ಬಿಳಿಯರ ಪಕ್ಕ ಕೂರುವ ಹಕ್ಕು ಸಿಕ್ಕಿತು, ಆದರೆ ಒಂದು ಹ್ಯಾಂಬರ್ಗರ್, ಒಂದು ಕಪ್ ಕಾಫಿಗೆ ದುಡ್ಡಿಲ್ಲದಿದ್ದರೆ ಏನು ಪ್ರಯೋಜನ ಅಂತ ಅವತ್ತು ಕೇಳಿದರು. ನಿಮ್ಮ ಪ್ರಶ್ನೆಗೆ ಅವರೇ ಕೊಟ್ಟ ಉತ್ತರ ಅದು.

ಮಾರ್ಚ್ 28ರ ಮೆರವಣಿಗೆ ಗಲಭೆಯಾಯಿತು. 16 ವರ್ಷದ ಹುಡುಗನೊಬ್ಬ ಪೊಲೀಸರ ಗುಂಡಿಗೆ ಸತ್ತ. ಶಾಂತಿಯುತ ಮೆರವಣಿಗೆ ಸಾಧ್ಯ ಅಂತ ತೋರಿಸಲೇಬೇಕು ಅಂತ ಕಿಂಗ್ ಮತ್ತೆ ಬಂದರು. ಏಪ್ರಿಲ್ 4ರ ಸಂಜೆ ಲೊರೇನ್ ಮೋಟೆಲ್‌ನ ಬಾಲ್ಕನಿಯಲ್ಲಿ ಗುಂಡು ಬಿತ್ತು. ನಾಲ್ಕು ದಿನದ ನಂತರ ಅವರ ಹೆಂಡತಿ ಕೊರೆಟಾ ಅದೇ ಮೆರವಣಿಗೆಯನ್ನು ಮೌನವಾಗಿ ನಡೆಸಿದರು. ಏಪ್ರಿಲ್ 16ರಂದು ಒಪ್ಪಂದವಾಯಿತು. ಗಂಟೆಗೆ ಎರಡು ಕಂತಿನಲ್ಲಿ 15 ಸೆಂಟ್ ಜಾಸ್ತಿ, ಯೂನಿಯನ್‌ಗೆ ಮಾನ್ಯತೆ, ಚಂದಾ ಸಂಬಳದಲ್ಲೇ.

ಹಾಗಿದ್ದರೆ ಎರಡು ಹೋರಾಟ ಬೇರೆ ಬೇರೆ ಅಂತ ನಮಗೆ ಯಾಕೆ ಅನ್ನಿಸುತ್ತದೆ? ಅವನ್ನು ಬೇರೆ ಮಾಡಿಟ್ಟಿದ್ದರಿಂದ. ಯೂನಿಯನ್ ಕಟ್ಟುವ ಹಕ್ಕು ಕೊಟ್ಟ 1935ರ ವ್ಯಾಗ್ನರ್ ಕಾಯ್ದೆ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿತು. ಆಗ ದಕ್ಷಿಣದ ಕಪ್ಪು ಜನರಲ್ಲಿ ಬಹಳಷ್ಟು ಮಂದಿ ಮಾಡುತ್ತಿದ್ದಿದ್ದು ಆ ಎರಡೇ ಕೆಲಸ. ನಗರ, ರಾಜ್ಯ ಸರ್ಕಾರದ ನೌಕರರಿಗೂ ಆ ಕಾಯ್ದೆ ಇಲ್ಲ, ಹಾಗಾಗಿ ಮೆಂಫಿಸ್‌ನವರಿಗೆ ಅದರ ಆಸರೆ ಸಿಗಲಿಲ್ಲ. ಯೂನಿಯನ್‌ಗಳ ಪಾಲಿನ ತಪ್ಪೂ ಸಣ್ಣದಲ್ಲ. ಎಷ್ಟೋ ಯೂನಿಯನ್‌ಗಳು ಕಪ್ಪು ಜನರನ್ನು ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ಮಾಲೀಕರು ಅದೇ ಜನರನ್ನು ಕರೆತಂದು ಬಿಳಿಯರ ಮುಷ್ಕರ ಮುರಿಯುತ್ತಿದ್ದರು. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ದ್ವೇಷ, ಕೂಲಿ ಮಾತ್ರ ಇದ್ದಲ್ಲೇ.

ಅದೇ 1968ರ ಅಧ್ಯಕ್ಷೀಯ ಚುನಾವಣೆಯಲ್ಲಿ ಬಣ್ಣಭೇದದ ಪರ ನಿಂತಿದ್ದ, ದಕ್ಷಿಣದ ಅಲಬಾಮಾ ರಾಜ್ಯದ ಗವರ್ನರ್ ಆಗಿದ್ದ ಜಾರ್ಜ್ ವ್ಯಾಲೆಸ್‌ಗೆ ಉತ್ತರದ ಕಾರು ಕಾರ್ಖಾನೆಗಳ ಬಿಳಿಯ ಕಾರ್ಮಿಕರಲ್ಲೂ ಒಲವು ಹುಟ್ಟಿತ್ತು. ಅವರ ಯೂನಿಯನ್‌ಗಳೇ ಕರಪತ್ರ ಹಂಚಿ, ಅಲಬಾಮಾದಲ್ಲಿ ಕೂಲಿ ಎಷ್ಟು ಕಡಿಮೆ ನೋಡಿ ಅಂತ ತಿಳಿಸಿ ಹೇಳಬೇಕಾಯಿತು. ಕೊನೆಗೆ ವ್ಯಾಲೆಸ್ ಗೆದ್ದ ಐದು ರಾಜ್ಯಗಳೂ ದಕ್ಷಿಣದವೇ.

ಮೆಂಫಿಸ್ ಮುಷ್ಕರದ ಲೆಕ್ಕ ಪೂರ್ತಿ ಚುಕ್ತಾ ಆಗಲಿಲ್ಲ. ಆ ಕೆಲಸಗಾರರಿಗೆ ನಗರದ ಪಿಂಚಣಿ ಇರಲಿಲ್ಲ, ಸೋಷಿಯಲ್ ಸೆಕ್ಯುರಿಟಿ ಅನ್ನುವ ಕೇಂದ್ರ ಸರ್ಕಾರದ ನಿವೃತ್ತಿ ನೆರವಿನ ಹಣ ಮುಪ್ಪಿನಲ್ಲಿ ಸಾಲಲಿಲ್ಲ. 2017ರಲ್ಲಿ, ಬದುಕುಳಿದಿದ್ದ ಮುಷ್ಕರದವರಿಗೆ ತಲಾ 50,000 ಡಾಲರ್ ಕೊಡುತ್ತೇವೆ ಅಂತ ನಗರ ಘೋಷಿಸಿತು. ಅಷ್ಟೊತ್ತಿಗೆ ಉಳಿದಿದ್ದವರು ಬೆರಳೆಣಿಕೆಯಷ್ಟು ಮಂದಿ. ಅವರಲ್ಲೊಬ್ಬರು 80 ದಾಟಿದ ಮೇಲೂ ರಾತ್ರಿ ಪಾಳಿಯಲ್ಲಿ ಕಸದ ಲಾರಿ ಓಡಿಸುತ್ತಿದ್ದರು.