ಕನ್ಸೋಲ್ ಸರ್ವರ್: ನೆಟ್‌ವರ್ಕ್ ಬಿದ್ದಾಗಲೂ ಒಳಗೆ ಹೋಗುವ ದಾರಿ

ರೂಟರ್, ಸ್ವಿಚ್‌ಗಳಿಗೆ ನಾವು ದಿನಾ ಲಾಗಿನ್ ಆಗುವುದು ನೆಟ್‌ವರ್ಕ್ ಮೂಲಕವೇ. ಆ ನೆಟ್‌ವರ್ಕೇ ಬಿದ್ದರೆ? ಆಗ ಉಳಿಯುವುದು ಸಾಧನದ ಕನ್ಸೋಲ್ ಪೋರ್ಟ್ ಒಂದೇ. ಅದಕ್ಕೆ ಐಪಿ ವಿಳಾಸ ಬೇಡ. ಒಂದು ಸೀರಿಯಲ್ ಕೇಬಲ್ ಸಾಕು, ವೇಗ ಸಾಮಾನ್ಯವಾಗಿ 9600 ಬಾಡ್, ಅಂದರೆ ಸೆಕೆಂಡಿಗೆ 9600 ಬಿಟ್. ಆಪರೇಟಿಂಗ್ ಸಿಸ್ಟಮ್ ಲೋಡ್ ಆಗದಿದ್ದರೂ ಅಲ್ಲಿ ಉತ್ತರ ಬರುತ್ತದೆ.

ಆದರೆ ಕೇಬಲ್ ಹಿಡಿದು ಯಾರಾದರೂ ರ‍್ಯಾಕ್ ಮುಂದೆ ನಿಲ್ಲಬೇಕಲ್ವಾ? ಅದನ್ನು ತಪ್ಪಿಸುವುದೇ ಕನ್ಸೋಲ್ ಸರ್ವರ್. ಹತ್ತಾರು ಸೀರಿಯಲ್ ಪೋರ್ಟ್‌ಗಳಿರುವ ಪೆಟ್ಟಿಗೆ ಅದು, ಒಳಗೆ ಹೆಚ್ಚಾಗಿ ಲಿನಕ್ಸ್. ಒಂದೊಂದು ಪೋರ್ಟ್‌ನಿಂದ ಒಂದೊಂದು ಸಾಧನಕ್ಕೆ ಕೇಬಲ್. ಹೊರಗಿನಿಂದ ಅದನ್ನು ತಲುಪಲು ಬೇರೆಯೇ ದಾರಿ, ಉದಾಹರಣೆಗೆ 4ಜಿ ಸಿಮ್. ಇದಕ್ಕೆ ಔಟ್ ಆಫ್ ಬ್ಯಾಂಡ್ ಅಂತಾರೆ.

ಈ ದಾರಿ ನಿಜವಾಗಿಯೂ ಬೇರೆಯಾಗಿರಬೇಕು. 2022ರ ಜುಲೈ 8ರಂದು ಕೆನಡಾದ ರೋಜರ್ಸ್ ಎಂಬ ಟೆಲಿಕಾಂ ಕಂಪನಿಯ ಸೇವೆ ದೇಶದ ಉದ್ದಗಲಕ್ಕೂ ನಿಂತುಹೋಯಿತು. ಅವರ ನಿರ್ವಹಣಾ ನೆಟ್‌ವರ್ಕ್ ನಿಂತಿದ್ದು ಬಿದ್ದುಹೋದ ಕೋರ್ (ಮುಖ್ಯ) ನೆಟ್‌ವರ್ಕ್ ಮೇಲೆಯೇ! ಸಾಧನಗಳ ಲಾಗ್ ನೋಡುವುದಕ್ಕೂ ಎಂಜಿನಿಯರ್‌ಗಳು ಗಂಟೆಗಟ್ಟಲೆ ಒದ್ದಾಡಿದರು.

ಇನ್ನು ಕನ್ಸೋಲ್‌ನಲ್ಲಿ ಮನುಷ್ಯರ ಬದಲು ತಾನೇ ಟೈಪ್ ಮಾಡುವ ಸ್ಕ್ರಿಪ್ಟ್ ವಿಷಯ. ಅಮೆರಿಕದ ಡಾನ್ ಲಿಬ್ಸ್ 1990ರಲ್ಲಿ ಹೊರತಂದ ಎಕ್ಸ್‌ಪೆಕ್ಟ್ ಎಂಬ ಉಪಕರಣ ಇಲ್ಲಿ ಇವತ್ತಿಗೂ ಚಾಲ್ತಿಯಲ್ಲಿದೆ. ಇಂಥ ಸಾಲು ಬರುವವರೆಗೆ ಕಾಯು, ಬಂದರೆ ಈ ಉತ್ತರ ಕೊಡು, ಅಷ್ಟೇ ಅದರ ಕೆಲಸ. ಕರೆಂಟ್ ಹೋಗಿ ಬಂದ ಮೇಲೆ ಒಂದು ಸಿಸ್ಕೋ ರೂಟರ್ ಪತ್ತೆಯಿಲ್ಲ ಅಂದುಕೊಳ್ಳಿ. ಸ್ಕ್ರಿಪ್ಟ್ ಮೊದಲು ಸುಮ್ನೆ ಒಂದು ಎಂಟರ್ ಒತ್ತುತ್ತದೆ. ಲಾಗಿನ್ ಕೇಳಿತೇ? ಹಾಗಾದರೆ ರೂಟರ್ ಎದ್ದಿದೆ, ತೊಂದರೆ ಲಿಂಕ್‌ನಲ್ಲೋ ಕಾನ್ಫಿಗರೇಶನ್‌ನಲ್ಲೋ ಇರಬೇಕು, ರೀಬೂಟ್ ಮಾಡಬಾರದು. ರಾಮ್‌ಮಾನ್ (ಆಪರೇಟಿಂಗ್ ಸಿಸ್ಟಮ್‌ಗೂ ಮುಂಚೆ ಓಡುವ ಪುಟ್ಟ ಪ್ರೋಗ್ರಾಂ) ಪ್ರಾಂಪ್ಟ್ ಬಂತೇ? ಅದು ಬೂಟ್ ಆಗದೆ ಅರ್ಧದಲ್ಲೇ ನಿಂತಿದೆ. ಫ್ಲ್ಯಾಶ್ ಮೆಮೊರಿಯಲ್ಲಿ ಐಒಎಸ್ (ಸಿಸ್ಕೋ ರೂಟರ್‌ನ ಆಪರೇಟಿಂಗ್ ಸಿಸ್ಟಮ್) ಫೈಲ್ ಇದೆಯಾ ನೋಡಿ, ಇದ್ದರೆ ಅದರಿಂದ ಬೂಟ್ ಮಾಡಿಸಬೇಕು. ಏನೂ ಉತ್ತರವಿಲ್ಲದಿದ್ದರೆ ಮಾತ್ರ ರಿಮೋಟ್ ಪವರ್ ಸ್ಟ್ರಿಪ್‌ನಿಂದ ಆಫ್ ಮಾಡಿ ಆನ್ ಮಾಡುವುದು. ಅದೂ ಒಂದೇ ಸಲ.

ಫೈಲೇ ಕಾಣೆಯಾಗಿದ್ದರೆ ಸ್ಕ್ರಿಪ್ಟ್ ಅಲ್ಲಿಗೇ ನಿಲ್ಲಿಸಿ ಮನುಷ್ಯರಿಗೆ ಮೆಸೇಜ್ ಕಳಿಸುವುದು ಒಳ್ಳೆಯದು. ಕನ್ಸೋಲ್ ಮೂಲಕ ಎಕ್ಸ್‌ಮೋಡೆಮ್ ಎಂಬ ಹಳೆಯ ಫೈಲ್ ಕಳಿಸುವ ವಿಧಾನದಲ್ಲಿ ಫೈಲ್ ತುಂಬಿಸಬಹುದು ನಿಜ. ಆದರೆ ಒಂದು ಬೈಟ್‌ಗೆ ಆರಂಭ, ಅಂತ್ಯದ ಗುರುತು ಸೇರಿ ಹತ್ತು ಬಿಟ್ ಬೇಕು, ಹಾಗಾಗಿ 9600 ಬಾಡ್‌ಗೆ ಸೆಕೆಂಡಿಗೆ ಹೋಗುವುದು 960 ಬೈಟ್. 20 ಎಂಬಿ ಫೈಲ್‌ಗೆ ಆರು ಗಂಟೆ! ವೇಗವನ್ನು 115200ಕ್ಕೆ ಏರಿಸಿದರೆ ಅರ್ಧ ಗಂಟೆಯ ಮಾತು.

ನನ್ನ ಲೆಕ್ಕದಲ್ಲಿ ಸ್ಕ್ರಿಪ್ಟ್‌ಗಿಂತ ಜಾಸ್ತಿ ಉಪಯೋಗಕ್ಕೆ ಬರುವುದು ಕನ್ಸೋಲ್ ಸರ್ವರ್ ಬರೆದಿಡುವ ಲಾಗ್. ರೂಟರ್ ಸಾಯುವ ಮುಂಚೆ ಉಗುಳಿದ ಕೊನೆಯ ಸಾಲುಗಳು ರೀಬೂಟ್ ಆದಮೇಲೆ ರೂಟರ್‌ನಲ್ಲೇ ಸಿಗುವುದು ಕಷ್ಟ. ಹಾಗಾಗಿ ಪವರ್ ಮುಟ್ಟುವ ಮೊದಲು ಅವನ್ನು ಬೇರೆ ಕಡೆಗೆ ಕಾಪಿ ಮಾಡಿಸಿ.

ಕೊನೆಯಲ್ಲಿ ಸ್ಕ್ರಿಪ್ಟ್ ಲಾಗೌಟ್ ಆಗಲೇಬೇಕು. ಕೇಬಲ್ ಕಿತ್ತರೂ ಎಷ್ಟೋ ಸಾಧನಗಳಲ್ಲಿ ಕನ್ಸೋಲ್ ಸೆಷನ್ ಮುಚ್ಚುವುದಿಲ್ಲ. ಟೈಮ್‌ಔಟ್ ಸೊನ್ನೆ ಇಟ್ಟಿದ್ದರಂತೂ (ಅಂದರೆ ಸೆಷನ್ ತಾನಾಗೇ ಮುಚ್ಚದಂತೆ ಮಾಡಿದ್ದರೆ) ಮುಂದೆ ಆ ಪೋರ್ಟ್‌ಗೆ ಬಂದವರಿಗೆ ಪಾಸ್‌ವರ್ಡ್ ಕೇಳದೆಯೇ ಅಡ್ಮಿನ್ ಪ್ರಾಂಪ್ಟ್ ಸಿಗುತ್ತದೆ.