ಸಫಾರಿ ಮುಗಿದ ಮೇಲೆ: ಕಾರ್ಡಿನಿಂದ ಡಿಸ್ಕಿಗೆ, ಡಿಸ್ಕಿನಿಂದ ಆಯ್ಕೆಗೆ

ವನ್ಯಜೀವಿ ಛಾಯಾಗ್ರಹಣ ಕಲಿಯುವವರು ಲೆನ್ಸಿನ ಬಗ್ಗೆ ಓದುವಷ್ಟು ಕಾರ್ಡು, ರೀಡರು, ಕೇಬಲ್ಲುಗಳ ಬಗ್ಗೆ ಓದುವುದಿಲ್ಲ. ಕಾಡಿನಲ್ಲಿ ಸಿಕ್ಕ ಚಿತ್ರ ವಸತಿಗೃಹದ ಮೇಜಿನ ಮೇಲೆ ಕೈತಪ್ಪುವುದು ಇದೇ ಕಾರಣಕ್ಕೆ. ನಾಗರಹೊಳೆ, ಬಂಡೀಪುರದಂಥ ಕಡೆ ಎರಡು ಮೂರು ದಿನ ಉಳಿದು, ಬೆಳಿಗ್ಗೆ ಒಂದು, ಸಂಜೆ ಒಂದು ಸುತ್ತು ಹೋಗುವವರನ್ನು ಮನಸ್ಸಿನಲ್ಲಿಟ್ಟು ಈ ಟಿಪ್ಪಣಿ ಬರೆದಿದ್ದೇವೆ.

ಕಾರ್ಡಿನ ಲೆಕ್ಕ

24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲು (ಸೆನ್ಸರಿನ ಮೂಲ ಮಾಹಿತಿ ಹಾಗೇ ಇರುವ ಫೈಲು) ಸುಮಾರು 25 ಎಂಬಿ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 20 ಫ್ರೇಮ್ ತೆಗೆದರೆ 500 ಎಂಬಿ ಆಯಿತು. ಯುಎಚ್‌ಎಸ್ ಎಂಬುದು ಎಸ್‌ಡಿ ಕಾರ್ಡಿನ ವೇಗದ ಮಾನದಂಡ. ಅದರಂತೆ ಯುಎಚ್‌ಎಸ್-1 ಕಾರ್ಡು ಸೆಕೆಂಡಿಗೆ 104 ಎಂಬಿಗಿಂತ ಹೆಚ್ಚು ಸಾಗಿಸಲಾರದು. ಯುಎಚ್‌ಎಸ್-2ರ ಮಿತಿ 312. ಉಳಿದದ್ದೆಲ್ಲ ಕ್ಯಾಮೆರಾದ ಬಫರಿನಲ್ಲಿ, ಅಂದರೆ ತಾತ್ಕಾಲಿಕ ಮೆಮೊರಿಯಲ್ಲಿ, ಕಾಯುತ್ತದೆ. ಬಫರ್ ತುಂಬಿದ ಕೂಡಲೇ ಫ್ರೇಮಿನ ವೇಗ ಕುಸಿಯುತ್ತದೆ, ಅದೂ ಕೆನ್ನಾಯಿಗಳ ಗುಂಪು ದಾರಿ ದಾಟುವ ಹೊತ್ತಿಗೇ. ಎಸ್‌ಡಿಗಿಂತ ವೇಗದ ಬೇರೊಂದು ಬಗೆಯಾದ, ಮೊದಲ ತಲೆಮಾರಿನ ಸಿಎಫ್‌ಎಕ್ಸ್‌ಪ್ರೆಸ್ ಟೈಪ್ ಬಿ ಕಾರ್ಡಿನ ಮಿತಿ ಸುಮಾರು 2000 ಎಂಬಿ ಆದ್ದರಿಂದ ಅಲ್ಲಿ ಈ ತೊಡಕು ಬಹುಮಟ್ಟಿಗೆ ಇಲ್ಲ.

ಕಾರ್ಡಿನ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಅಂಕಿ ಸಾಮಾನ್ಯವಾಗಿ ಓದುವ ವೇಗದ್ದು. ನೀವು ನೋಡಬೇಕಾದದ್ದು ವಿ30, ವಿ60, ವಿ90 ಗುರುತು: ಎಡೆಬಿಡದೆ ಬರೆಯುವಾಗ ಸೆಕೆಂಡಿಗೆ ಕನಿಷ್ಠ ಅಷ್ಟು ಎಂಬಿ ಸಿಗುತ್ತದೆ ಎಂದು ಅದರರ್ಥ. ಎರಡು ಸ್ಲಾಟುಗಳಿಗೂ ಒಟ್ಟಿಗೆ ಬರೆಯುವಂತೆ ಇಟ್ಟರೆ ನಿಧಾನದ ಕಾರ್ಡೇ ವೇಗವನ್ನು ತೀರ್ಮಾನಿಸುತ್ತದೆ. ಇರುವುದು ಯುಎಚ್‌ಎಸ್-1 ಕಾರ್ಡೇ ಆದರೆ 8 ಫ್ರೇಮಿಗೆ ಇಳಿಸಿ, ಸಂಕುಚಿತ ರಾ ಆರಿಸಿ, ಒಂದೊಂದು ಸೆಕೆಂಡಿನ ತುಣುಕುಗಳಾಗಿ ತೆಗೆಯಿರಿ.

ನಕಲು, ಪರಿಶೀಲನೆ, ಆಮೇಲೆ ಫಾರ್ಮ್ಯಾಟ್

64 ಜಿಬಿ ಕಾರ್ಡನ್ನು ಹಳೆಯ ಯುಎಸ್‌ಬಿ 2 ರೀಡರಿನಲ್ಲಿ ಸೆಕೆಂಡಿಗೆ 35 ಎಂಬಿಯಂತೆ ಇಳಿಸಲು ಅರ್ಧ ಗಂಟೆ ಬೇಕು. ಒಳ್ಳೆಯ ಯುಎಚ್‌ಎಸ್-2 ರೀಡರಿನಲ್ಲಿ 250 ಎಂಬಿ ಸಿಕ್ಕರೆ ನಾಲ್ಕೈದು ನಿಮಿಷ. ಹೊಸ ರೀಡರ್ ತಂದರೂ ವೇಗ ಏರದಿದ್ದರೆ ಕೇಬಲ್ ಬದಲಿಸಿ ನೋಡಿ. ಫೋನಿನ ಚಾರ್ಜರ್ ಜೊತೆ ಬರುವ ಟೈಪ್-ಸಿ ಕೇಬಲ್ಲುಗಳಲ್ಲಿ ಅನೇಕಕ್ಕೆ ಯುಎಸ್‌ಬಿ 2ರ ತಂತಿಗಳಷ್ಟೇ ಇರುತ್ತವೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ.

ಎಸ್‌ಡಿ ಕಾರ್ಡಿನ ಪಕ್ಕದ ಲಾಕ್ ಎಳೆದು ರೀಡರಿಗೆ ಹಾಕಿ. ಲ್ಯಾಪ್‌ಟಾಪಿಗೂ ಹೊರಗಿನ ಎಸ್‌ಎಸ್‌ಡಿ ಡಿಸ್ಕಿಗೂ ಎರಡೂ ಪ್ರತಿಗಳು ಕಾರ್ಡಿನಿಂದಲೇ ನೇರವಾಗಿ ಹೋಗಬೇಕು. ಲ್ಯಾಪ್‌ಟಾಪಿನಲ್ಲಿರುವುದನ್ನು ಎಸ್‌ಎಸ್‌ಡಿಗೆ ನಕಲಿಸಿದರೆ ಮೊದಲ ಪ್ರತಿಯ ಕೆಡಕು ಎರಡನೆಯದಕ್ಕೂ ಇಳಿಯುತ್ತದೆ. ಫೋಟೋ ಮೆಕ್ಯಾನಿಕ್ ಎಂಬ ತಂತ್ರಾಂಶ ಒಂದೇ ಸಲಕ್ಕೆ ಎರಡು ಜಾಗಕ್ಕೆ ಇಳಿಸಬಲ್ಲದು. ಲಿನಕ್ಸ್ ಬಳಸುವವರಿಗೆ ರ‍್ಯಾಪಿಡ್ ಫೋಟೋ ಡೌನ್‌ಲೋಡರ್ ಇದನ್ನು ಉಚಿತವಾಗಿ ಮಾಡಿಕೊಡುತ್ತದೆ.

ಫೈಲುಗಳ ಎಣಿಕೆ ಸರಿಯಿದೆ ಎಂದು ಅಲ್ಲಿಗೇ ನಿಲ್ಲಬೇಡಿ. ಒಳಗಿನ ಬೈಟುಗಳು ತಾಳೆಯಾಗಬೇಕು: ವಿಂಡೋಸಿನಲ್ಲಿ ಟೆರಾಕಾಪಿ ತಂತ್ರಾಂಶದ ವೆರಿಫೈ, ಮ್ಯಾಕ್ ಮತ್ತು ಲಿನಕ್ಸಿನಲ್ಲಿ ಆರ್‌ಸಿಂಕ್‌ನ ಚೆಕ್‌ಸಮ್ (ಒಳವಿಷಯದಿಂದ ಲೆಕ್ಕ ಹಾಕಿದ ಅಂಕಿಯ ಹೋಲಿಕೆ) ಆಯ್ಕೆ, ಎಲ್ಲದರಲ್ಲೂ ಓಡುವ ಫ್ರೀಫೈಲ್‌ಸಿಂಕ್‌ನಲ್ಲಿ ಫೈಲಿನ ಒಳವಿಷಯದ ಹೋಲಿಕೆ. ಇಲ್ಲೊಂದು ಸೂಕ್ಷ್ಮವಿದೆ. ನಕಲಾದ ಕೂಡಲೇ ತಾಳೆ ನೋಡಿದರೆ ಕಂಪ್ಯೂಟರು ಡಿಸ್ಕಿನ ಬದಲು ತನ್ನ ಮೆಮೊರಿಯಲ್ಲಿ ಉಳಿದ ಪ್ರತಿಯನ್ನೇ ಓದಿ ‘ಸರಿ’ ಎನ್ನಬಹುದು. ಎಸ್‌ಎಸ್‌ಡಿಯನ್ನು ಇಜೆಕ್ಟ್ ಮಾಡಿ, ಮತ್ತೆ ಚುಚ್ಚಿ, ಆಮೇಲೆ ತಾಳೆ ನೋಡಿ. ಇಜೆಕ್ಟ್ ಮಾಡದೆ ಎಳೆಯುವ ಅಭ್ಯಾಸ ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಫಾರ್ಮ್ಯಾಟಾದ ಡಿಸ್ಕುಗಳಿಗೆ ವಿಶೇಷವಾಗಿ ಅಪಾಯ, ಅದರಲ್ಲಿ ಜರ್ನಲಿಂಗ್ (ಬದಲಾವಣೆಗಳ ದಾಖಲೆಯನ್ನು ಮೊದಲೇ ಬರೆದಿಡುವ ವ್ಯವಸ್ಥೆ) ಇಲ್ಲ.

ತಾಳೆಯಾದ ಮೇಲಷ್ಟೇ ಫಾರ್ಮ್ಯಾಟ್, ಅದೂ ಕ್ಯಾಮೆರಾದಲ್ಲೇ. ತುಂಬಿದ ಕಾರ್ಡನ್ನು ಪೆಟ್ಟಿಗೆಯಲ್ಲಿ ಮುಖ ಕೆಳಗಾಗಿ ಇಡುವ ರೂಢಿ ಒಳ್ಳೆಯದು, ಕತ್ತಲಲ್ಲೂ ಗೊಂದಲವಾಗದು. ತಪ್ಪಿ ಅಳಿಸಿಬಿಟ್ಟರೆ ಆ ಕಾರ್ಡಿನಲ್ಲಿ ಇನ್ನೊಂದು ಚಿತ್ರವನ್ನೂ ತೆಗೆಯಬೇಡಿ. ಫೋಟೋರೆಕ್ ಎಂಬ ಉಚಿತ ತಂತ್ರಾಂಶ ಹಲವು ಬಾರಿ ಮರಳಿ ತರುತ್ತದೆ, ಆದರೆ ಹಳೆಯ ಫೈಲ್ ಹೆಸರುಗಳು ಸಿಗುವುದಿಲ್ಲ.

ಹೆಸರು ಮತ್ತು ಗಡಿಯಾರ

ಕ್ಯಾಮೆರಾದ ಎಣಿಕೆ 9999 ಮುಟ್ಟಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಆಗ ಒಂದೇ ಹೆಸರಿನ ಎರಡು ಫೈಲು ಬಂದು ಒಂದು ಇನ್ನೊಂದರ ಮೇಲೆ ಕೂರಬಹುದು. ದಿನಾಂಕ, ಸಮಯ, ಸ್ಥಳ ಸೇರಿಸಿ ಹೆಸರಿಡಿ. ಒಂದೇ ಸೆಕೆಂಡಿನಲ್ಲಿ 20 ಫ್ರೇಮ್ ಇರುವುದರಿಂದ ಕೊನೆಗೆ ಕ್ರಮಸಂಖ್ಯೆ ಇರಲೇಬೇಕು. ಎರಡು ಕ್ಯಾಮೆರಾ ಒಯ್ಯುವವರು ಹೊರಡುವ ಮೊದಲು ಎರಡರ ಗಡಿಯಾರವನ್ನೂ ಹೊಂದಿಸಿ. ಕೀನ್ಯಾದ ಮಸಾಯಿ ಮಾರಾಗೆ ಹೋದವರು ಎರಡೂವರೆ ಗಂಟೆ ಹಿಂದಿಡಲು ಮರೆತಿದ್ದರೆ ಎಕ್ಸಿಫ್‌ಟೂಲ್ ಎಂಬ ತಂತ್ರಾಂಶದಿಂದ ಇಡೀ ಫೋಲ್ಡರಿನ ಸಮಯವನ್ನು ಒಂದೇ ಆಜ್ಞೆಯಲ್ಲಿ ತಿದ್ದಬಹುದು.

ಆಯ್ಕೆ

ಚಿತ್ರ ತಿದ್ದುವ ತಂತ್ರಾಂಶವಾದ ಲೈಟ್‌ರೂಮ್ ಪ್ರಿವ್ಯೂ (ತೆರೆಯಲ್ಲಿ ತೋರಿಸುವ ಚಿತ್ರ) ಕಟ್ಟುವವರೆಗೆ ಕಾಯುವುದು ದಣಿವಿನ ಕೆಲಸ. ಫೋಟೋ ಮೆಕ್ಯಾನಿಕ್ ವೇಗವಾಗಿರುವುದು ರಾ ಫೈಲಿನೊಳಗೆ ಅಡಗಿರುವ ಜೆಪೆಗ್ ತೋರಿಸುವುದರಿಂದ. ಆ ಜೆಪೆಗ್ ಎರಡು ರೀತಿ ದಾರಿ ತಪ್ಪಿಸುತ್ತದೆ. ಸೋನಿಯ ಹಲವು ಮಾದರಿಗಳಲ್ಲಿ ಅದು 1616×1080 ಗಾತ್ರದ್ದು, ಕಣ್ಣು ಸ್ಪಷ್ಟವಾಗಿದೆಯೇ ಎಂದು ನೂರಕ್ಕೆ ನೂರು ಹಿಗ್ಗಿಸಿ ನೋಡಲು ಸಾಲದು. ಎರಡನೆಯದು ಬೆಳಕಿನದು: ರಂಗನತಿಟ್ಟಿನ ಬಿಸಿಲಿನಲ್ಲಿ ಬೆಳ್ಳಕ್ಕಿಯ ಬೆನ್ನು ಜೆಪೆಗ್‌ನಲ್ಲಿ ಸುಟ್ಟಂತೆ ಕಂಡರೂ ರಾ ಫೈಲಿನಲ್ಲಿ ಗರಿಯ ಎಳೆಗಳು ಉಳಿದಿರಬಹುದು. ಫಾಸ್ಟ್‌ರಾವ್ಯೂವರ್ ತಂತ್ರಾಂಶ ರಾ ಫೈಲಿನದೇ ಹಿಸ್ಟೋಗ್ರಾಮನ್ನು (ಬೆಳಕಿನ ಹಂಚಿಕೆಯ ನಕ್ಷೆ) ತೋರಿಸುತ್ತದೆ, ನಮ್ಮ ಮಟ್ಟಿಗೆ ಹಕ್ಕಿಗಳಿಗೆ ಅದೇ ಸೂಕ್ತ. ದರೋಜಿಯ ಕರಡಿಯ ವಿಷಯ ತಿರುವುಮುರುವು. ಚೌಕಟ್ಟು ತುಂಬ ಕಪ್ಪು ಕೂದಲಿದ್ದರೆ ಬೆಳಕು ಅಳೆಯುವ ಮೀಟರು ಅದನ್ನು ಬೂದುಬಣ್ಣಕ್ಕೆ ಏರಿಸಿ ಹಿಂದಿನ ಬಂಡೆಯನ್ನು ಸುಡುತ್ತದೆ.

ಮೊದಲ ಸುತ್ತಿನಲ್ಲಿ ಬೇಕಾದ್ದನ್ನು ಮಾತ್ರ ಗುರುತಿಸಿ, ಬೇಡದ್ದನ್ನು ಅಳಿಸಬೇಡಿ. ದಣಿದ ಕಣ್ಣಿಗೆ ಒಳ್ಳೆಯದು ಕಾಣುವುದಿಲ್ಲ. ಲೈಟ್‌ರೂಮ್ ಕ್ಲಾಸಿಕ್ ತಾನಾಗಿ ಎಕ್ಸ್‌ಎಂಪಿ ಫೈಲು (ಗುರುತು, ತಿದ್ದುಪಡಿಗಳನ್ನು ಚಿತ್ರದ ಪಕ್ಕದಲ್ಲೇ ಇಡುವ ಸಣ್ಣ ಫೈಲು) ಬರೆಯುವುದಿಲ್ಲ, ಕ್ಯಾಟಲಾಗ್ (ಅದರ ಮಾಹಿತಿಯ ಕಡತ) ಸೆಟ್ಟಿಂಗಿನಲ್ಲಿ ಅದನ್ನು ಚಾಲೂ ಮಾಡಬೇಕು. ಇಲ್ಲವಾದರೆ ಕ್ಯಾಟಲಾಗ್ ಕೆಟ್ಟ ದಿನ ನಕ್ಷತ್ರ ಗುರುತು, ತಿದ್ದುಪಡಿಗಳೆಲ್ಲ ಅದರ ಜೊತೆಗೇ ಹೋಗುತ್ತವೆ. ಕ್ಯಾಟಲಾಗ್ ಬ್ಯಾಕಪ್‌ನಲ್ಲಿ ಚಿತ್ರಗಳಿರುವುದಿಲ್ಲ ಎಂಬುದೂ ನೆನಪಿರಲಿ.

ಮುಂಜಾನೆಯ ಐಎಸ್ಒ 6400ರ ಚಿತ್ರಗಳಿಗೆ ಎಐ ಡಿನಾಯ್ಸ್, ಅಂದರೆ ಚಿತ್ರದ ಕಾಳುಕಾಳು ಚುಕ್ಕೆ ತೆಗೆಯುವ ಸೌಲಭ್ಯ, ಬೇಕಾಗುತ್ತದೆ. ಅದು ಸೆನ್ಸರಿನ ಮೂಲ ಮಾಹಿತಿಯ ಮೇಲೆ ಕೆಲಸ ಮಾಡುವುದರಿಂದ ಉಳಿದ ತಿದ್ದುಪಡಿಗಳಿಗಿಂತ ಮೊದಲು ಮಾಡಿ, ಆಯ್ಕೆ ಮುಗಿದ ಕೆಲವಕ್ಕೆ ಮಾತ್ರ. ಲೈಟ್‌ರೂಮಿನಲ್ಲಿ ಇದರ ಪೂರ್ವನಿಗದಿ ಪ್ರಮಾಣ 50 ಹಲವು ಸಲ ಹೆಚ್ಚಾಗಿ ತುಪ್ಪಳ ಪ್ಲಾಸ್ಟಿಕ್ಕಿನಂತಾಗುತ್ತದೆ. 30ರಿಂದ ಶುರುಮಾಡಿ.

ಹಂಚುವ ಮುನ್ನ

ಜಿಪಿಎಸ್ ಮಾಹಿತಿ ತೆಗೆಯದೆ ಗೂಡಿನ ಚಿತ್ರ ಹಾಕಬೇಡಿ. ದಾಂಡೇಲಿಯ ಮಂಗಟ್ಟೆಯ ಪೊಟರೆ ಎಲ್ಲಿದೆ ಎಂದು ತಿಳಿದರೆ ಜನ ಸೇರುತ್ತಾರೆ, ಒಳಗೆ ಕುಳಿತ ಹೆಣ್ಣಿಗೆ ಆಹಾರ ತರುವ ಗಂಡು ಹಕ್ಕಿ ಹತ್ತಿರ ಬರಲು ಅಂಜುತ್ತದೆ. ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣ ಅಪಾಯದಂಚಿನ ಪ್ರಭೇದಗಳ ನಿಖರ ಸ್ಥಳವನ್ನು ತಾನೇ ಮಸುಕುಗೊಳಿಸುತ್ತದೆ. ಬೇರೆಡೆ ಅದು ನಿಮ್ಮ ಹೊಣೆ. ಲೈಟ್‌ರೂಮಿನ ಎಕ್ಸ್‌ಪೋರ್ಟ್ ಕಿಟಕಿಯ ಮೆಟಾಡೇಟಾ ಭಾಗದಲ್ಲಿ ಸ್ಥಳ ತೆಗೆಯುವ ಗುರುತು ಹಾಕಿ. ಅದೇ ಜಾಗದಲ್ಲಿ ಫೋನಿನಿಂದ ತೆಗೆದ ಚಿತ್ರದಲ್ಲೂ ಸ್ಥಳ ಸೇರಿಕೊಂಡಿರುತ್ತದೆ, ಅದನ್ನೂ ನೋಡಿಕೊಳ್ಳಿ.