ಪದ ಪರಿಚಯ: ಸ್ತರಭಂಗ, ಮೂರು ಆಯಾಮಗಳಲ್ಲಿ

ವಿಜಯಪುರ, ಕಲಬುರಗಿ ಕಡೆ ನೆಲ ತುಸು ಅದುರಿದರೂ ಸಾಕು, ಟಿವಿ ನಕ್ಷೆಯ ಮೇಲೆ ಕೆಂಪು ಗೆರೆಯೊಂದು ಪ್ರತ್ಯಕ್ಷ. ‘ಫಾಲ್ಟ್ ಲೈನ್ ಇಲ್ಲೇ ಹಾದುಹೋಗಿದೆ’ ಎಂಬ ವಿವರಣೆ ಬೇರೆ. ಸಂಜೆಯ ಹೊತ್ತಿಗೆ ಅದು ‘ಭೂಮಿಯ ಬಿರುಕು’ ಆಗಿರುತ್ತದೆ. ಬಣ್ಣಬಣ್ಣದ ಕಂಪ್ಯೂಟರ್ ಚಿತ್ರವೂ ಕೈಗೆ ಸಿಕ್ಕರೆ ‘ಭೂಗರ್ಭದ ಥ್ರೀಡಿ ಫೋಟೊ’. ಮೂರೂ ತಪ್ಪು.

ಬಿರುಕಿನದು ಬೇಗ ಮುಗಿಯುವ ಮಾತು. ಬಂಡೆ ಅಂದಮೇಲೆ ಬಿರುಕು ಇದ್ದೇ ಇರುತ್ತದೆ. ರಾಮನಗರದ ಬೆಟ್ಟಗಳ ಮೈತುಂಬ ಇವೆ. ಬಿರುಕಿನ ಎರಡು ಬದಿ ಇದ್ದಲ್ಲೇ ಇದ್ದರೆ ಭೂವಿಜ್ಞಾನಿ ಅದನ್ನು ಜಾಯಿಂಟ್ ಎಂದು ಬರೆದುಕೊಂಡು ಮುಂದೆ ಹೋಗುತ್ತಾರೆ. ಒಂದು ಬದಿ ಇನ್ನೊಂದರ ಪಕ್ಕದಲ್ಲಿ ಜಾರಿದ್ದರೆ ಮಾತ್ರ ಅದು ಸ್ತರಭಂಗ, ಅಂದರೆ ಫಾಲ್ಟ್.

ಇಂಗ್ಲಿಷಿನ ‘ಫಾಲ್ಟ್’ ಇಲ್ಲಿ ದೋಷವೂ ಅಲ್ಲ, ಅಪರಾಧವೂ ಅಲ್ಲ. ಆ ಪದದ ಹಿಂದಿರುವ ಹಳೆಯ ಫ್ರೆಂಚ್ ಪದಕ್ಕೆ ಕೊರತೆ, ಇಲ್ಲದಿರುವಿಕೆ ಎಂದು ಅರ್ಥ. ಮೊದಮೊದಲು ಇಂಗ್ಲಿಷಿನಲ್ಲೂ ಅದಕ್ಕೆ ‘ಎಲ್’ ಅಕ್ಷರ ಇರಲಿಲ್ಲ. ಲ್ಯಾಟಿನ್ ಮೂಲ ಕಾಣಲಿ ಎಂದು ಪಂಡಿತರು ಆಮೇಲೆ ತುರುಕಿದ್ದು. ಬ್ರಿಟನ್ನಿನ ಕಲ್ಲಿದ್ದಲು ಗಣಿಯವರಿಗೆ ಈ ಪದ ಚೆನ್ನಾಗಿ ಒದಗಿತು. ಇದ್ದಲಿನ ಪದರವನ್ನು ಹಿಂಬಾಲಿಸಿ ಅಗೆಯುತ್ತ ಹೋದರೆ ಒಮ್ಮೆಲೇ ಎದುರಿಗೆ ಬರೀ ಕಲ್ಲು. ಪದರ ಕಾಣೆ! ಮೇಲಕ್ಕೆ ಹೋಯಿತೋ ಕೆಳಕ್ಕೋ, ಎಷ್ಟು ಅಡಿ? ಇಂದಿನ ದುಬಾರಿ ಸಾಫ್ಟ್‌ವೇರ್ ಉತ್ತರಿಸಲು ಹೊರಟಿರುವುದೂ ಇದೇ ಪ್ರಶ್ನೆಗೆ. ಓರೆಯಾದ ಸ್ತರಭಂಗದ ಮೇಲ್ಬದಿಯ ಬಂಡೆಯನ್ನು ‘ಹ್ಯಾಂಗಿಂಗ್ ವಾಲ್’, ಕೆಳಬದಿಯದನ್ನು ‘ಫುಟ್‌ವಾಲ್’ ಎನ್ನುವುದೂ ಗಣಿಯ ಮಾತೇ: ಒಂದು ತಲೆಯ ಮೇಲೆ, ಇನ್ನೊಂದು ಕಾಲ ಕೆಳಗೆ. ಗೆರೆಗೆ ತಲೆ ಕಾಲು ಎಲ್ಲಿಂದ ಬರಬೇಕು?

ಸ್ತರಭಂಗವೆಂದರೆ ನೆಲದೊಳಗೆ ಓರೆಯಾಗಿ ಇಳಿದಿರುವ, ಅಲ್ಲಲ್ಲಿ ಬಾಗಿದ, ಒಂದು ಹಾಳೆ. ಅದು ನೆಲವನ್ನು ಮುಟ್ಟುವ ಅಂಚಷ್ಟೇ ನಕ್ಷೆಯ ಗೆರೆ. ಕ್ಯಾಲಿಫೋರ್ನಿಯಾದ ಸ್ಯಾನ್ ಆಂಡ್ರಿಯಾಸ್ ಸುಮಾರು 1,200 ಕಿ.ಮೀ. ಉದ್ದ, ಬಹುಪಾಲು ನೆಟ್ಟಗೆ ಇಳಿದಿದೆ. ಗೆರೆಯ ಭ್ರಮೆ ಬೆಳೆದದ್ದು ಬಹುಶಃ ಅದರ ಫೋಟೊಗಳಿಂದಲೇ. ಆದರೆ 45 ಡಿಗ್ರಿ ಓರೆಯ ಹಾಳೆ 20 ಕಿ.ಮೀ. ಆಳಕ್ಕೆ ಇಳಿಯುವಷ್ಟರಲ್ಲಿ ಗೆರೆಯಿಂದ 20 ಕಿ.ಮೀ. ಪಕ್ಕಕ್ಕೂ ಹೋಗಿರುತ್ತದೆ. ‘ಗೆರೆ ನಮ್ಮೂರಿನಿಂದ ದೂರವಿದೆ’ ಎನ್ನುವ ಸಮಾಧಾನಕ್ಕೆ ಅರ್ಥವೇ ಇಲ್ಲ.

ಕೆಲವಕ್ಕಂತೂ ಗೆರೆಯೇ ಇರುವುದಿಲ್ಲ. ಕಚ್ಛ್‌ನಲ್ಲಿ 1819ರ ಭೂಕಂಪ ನೆಲವನ್ನೇ ಎತ್ತಿ ‘ಅಲ್ಲಾಹ್ ಬಂಡ್’ ಎಂಬ ದಿಬ್ಬ ಮಾಡಿಟ್ಟಿತು. ಅದನ್ನು ಕಣ್ಣಿದ್ದವರೆಲ್ಲ ನೋಡಬಹುದಿತ್ತು. ಅದೇ ಕಚ್ಛ್‌ನಲ್ಲಿ 2001ರ ಜನವರಿ 26ರಂದು 7.7 ತೀವ್ರತೆಯ ಕಂಪನವಾದಾಗ ಜಾರಿದ ಸ್ತರಭಂಗ ನೆಲದ ಮೇಲೆ ಬರಲೇ ಇಲ್ಲ. ತಜ್ಞರು ಹುಡುಕಿದರು, ಉಕ್ಕಿದ ಮರಳು, ಅಲ್ಲಲ್ಲಿ ಬಿರಿದ ಹೊಲ ಸಿಕ್ಕವೇ ಹೊರತು ಮುಖ್ಯ ಸೀಳು ಸಿಗಲಿಲ್ಲ. ಮರುಕಂಪನಗಳ ತಾಣ, ಆಳಗಳನ್ನು ಮೂರು ಆಯಾಮಗಳಲ್ಲಿ ಗುರುತಿಸಿದಾಗ ಚುಕ್ಕೆಗಳು ದಕ್ಷಿಣಕ್ಕೆ ಇಳಿಯುವ ಹಾಳೆಯಾಗಿ ಕೂಡಿಕೊಂಡವು. ನಕ್ಷೆಯಲ್ಲಿ ಇಲ್ಲದ್ದು ಮೂರು ಆಯಾಮದ ಮಾದರಿಯಲ್ಲಿ ಕಂಡಿತು.

ಇನ್ನು ‘ಫೋಟೊ’. ತೈಲ ಕಂಪನಿಗಳು ನೆಲದೊಳಕ್ಕೆ ಕಂಪನ ಕಳಿಸಿ ಪ್ರತಿಧ್ವನಿಯಿಂದ ಸೀಳುನೋಟಗಳನ್ನು, ಅಂದರೆ ನೆಲವನ್ನು ಮೇಲಿಂದ ಕೆಳಕ್ಕೆ ಸೀಳಿದರೆ ಕಾಣುವಂಥ ಚಿತ್ರಗಳನ್ನು, ಪಡೆಯುತ್ತವೆ. ಪ್ರತಿ ಸೀಳುನೋಟದಲ್ಲೂ ಪದರಗಳು ತುಂಡಾದ ಕಡೆ ಕಡ್ಡಿಯಂಥ ಒಂದು ಗೆರೆ ಎಳೆಯಬೇಕು. ಪಕ್ಕದ ಸೀಳುನೋಟದ ಯಾವ ಕಡ್ಡಿ ಇದಕ್ಕೆ ಸೇರಿದ್ದು ಎಂದು ತೀರ್ಮಾನಿಸಬೇಕು. ಆಮೇಲೆ ಸಾಫ್ಟ್‌ವೇರ್ ಕಡ್ಡಿಗಳ ನಡುವೆ ಸಣ್ಣ ಸಣ್ಣ ತ್ರಿಕೋನಗಳನ್ನು ಹೆಣೆದು ಹಾಳೆ ಮಾಡುತ್ತದೆ. 1989ರಲ್ಲಿ ಫ್ರಾನ್ಸಿನ ನಾನ್ಸಿಯಲ್ಲಿ ಝಾಂ-ಲೋರಾಂ ಮಾಲೆ ಆರಂಭಿಸಿದ ‘ಗೋಕ್ಯಾಡ್’ ಎಂಬ ತಂತ್ರಾಂಶ ಯೋಜನೆ ಈ ಹೆಣಿಗೆಗೆ ಗಣಿತ ಒದಗಿಸಿತು. ಕಡ್ಡಿಗಳ ನಡುವಿನ ಜಾಗದಲ್ಲಿ ಮಾಹಿತಿ ಇಲ್ಲ. ಅಲ್ಲಿ ಕಾಣುವ ನುಣುಪು ಗಣಿತದ್ದು, ಬಂಡೆಯದ್ದಲ್ಲ. ಇಂದು ‘ಜೆಮ್‌ಪೈ’ಯಂಥ ಮುಕ್ತ ತಂತ್ರಾಂಶವನ್ನು ಯಾರು ಬೇಕಾದರೂ ಇಳಿಸಿಕೊಂಡು ಚೆಂದದ ಹಾಳೆ ಮಾಡಬಹುದು. ಚೆಂದ ಇದ್ದ ಮಾತ್ರಕ್ಕೆ ಸರಿ ಇರಬೇಕೆಂದಿಲ್ಲ.

ಪರೀಕ್ಷೆ ಇಲ್ಲವೆಂದಲ್ಲ. ಜಾರಿದ ಬದಿಯನ್ನು ಮಾದರಿಯಲ್ಲೇ ಹಿಂದಕ್ಕೆ ಸರಿಸಿದರೆ ಪದರಗಳು ಮತ್ತೆ ಕೂಡಿಕೊಳ್ಳಬೇಕು. ಜಾರಿಕೆ ಸಾಮಾನ್ಯವಾಗಿ ನಡುವೆ ಹೆಚ್ಚಿದ್ದು ಅಂಚಿನತ್ತ ಸೊನ್ನೆಗೆ ಇಳಿಯಬೇಕು. ಪಕ್ಕಪಕ್ಕದಲ್ಲೇ 10 ಮೀಟರ್, 200 ಮೀಟರ್, ಮತ್ತೆ 10 ಎಂದು ಬಂದರೆ ಎರಡು ಬೇರೆ ಸ್ತರಭಂಗಗಳ ಕಡ್ಡಿಗಳನ್ನು ಕಟ್ಟಿಹಾಕಿದ್ದೀರೇನೋ ನೋಡಿ.

ಕಣ್ಣು ಎಷ್ಟು ಮೋಸಹೋಗುತ್ತದೆಂಬುದಕ್ಕೆ 2007ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಉತ್ತರ ಮೊದಲೇ ಗೊತ್ತಿದ್ದ ಕೃತಕ ಸೀಳುನೋಟವೊಂದನ್ನು 412 ಮಂದಿ ಭೂವಿಜ್ಞಾನಿಗಳ ಮುಂದಿಟ್ಟರು. ಅಲ್ಲಿ ನಡೆದಿದ್ದ ಚಲನೆ ಯಾವ ಬಗೆಯದೆಂದು ಸರಿಯಾಗಿ ಗುರುತಿಸಿದವರು ಶೇ. 21 ಮಾತ್ರ. ದಕ್ಷಿಣ ಕ್ಯಾಲಿಫೋರ್ನಿಯಾದ ಭೂಕಂಪ ಕೇಂದ್ರದವರು ಹಲವು ತಜ್ಞರು ಸೇರಿ ಕಟ್ಟಿದ ತಮ್ಮ ‘ಸಮುದಾಯ ಮಾದರಿ’ಯಲ್ಲಿ ಒಮ್ಮತವಿಲ್ಲದ ಕಡೆ ಒಂದೇ ಸ್ತರಭಂಗಕ್ಕೆ ಬದಲಿ ಹಾಳೆಗಳನ್ನೂ ಜೊತೆಗೇ ಇಟ್ಟಿದ್ದಾರೆ.